ಗೋಡೆಯ ಕಡೆ ಮುಖ ಮಾಡಿದ ಕಲ್ಲು

ರಾತ್ರಿ ಒಂದೂವರೆಗೆ ಸುಂಕದಕಟ್ಟೆಯ ಹಿಂದಿನ ಬೀದಿಗಳಲ್ಲಿ ಓಡಾಡೋರು ಇಬ್ಬರೇ. ಒಬ್ಬ ಕಳ್ಳ. ಇನ್ನೊಬ್ಬ ನೀರು ಬಿಡೋನು. ಕಳ್ಳನಿಗಾದರೂ ಜನ ಹೆದರುತ್ತಾರೆ, ನೀರು ಬಿಡೋನಿಗೆ ಅದೂ ಇಲ್ಲ. ನಲ್ಲಿಯಲ್ಲಿ ನೀರು ಬಂದರೆ ಅವನು ಯಾರಿಗೂ ನೆನಪಾಗುವುದಿಲ್ಲ. ಬರದಿದ್ದರೆ ಬೈಯೋದಕ್ಕೆ ನೆನಪಾಗುತ್ತಾನೆ.

ಇದು ಆದದ್ದು ಚನ್ನಕೇಶವನಿಗೆ. ನಮ್ಮ ವಠಾರದಲ್ಲೇ, ಮೆಟ್ಟಿಲ ಕೆಳಗಿನ ಒಂಟಿ ಕೋಣೆಯಲ್ಲಿ ಇದ್ದಾನೆ. ಹತ್ತೊಂಬತ್ತು ವರ್ಷದಿಂದ ಗುತ್ತಿಗೆಯ ವಾಲ್ವ್‌ಮ್ಯಾನ್. ಹೆಂಡತಿ ತೀರಿಹೋಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಕುಡಿಯುವುದಿಲ್ಲ. ಸುಳ್ಳು ಹೇಳಬೇಕಾದರೆ ಸ್ವಲ್ಪವಾದರೂ ಮಾತು ಬರಬೇಕಲ್ಲ, ಅವನಿಗೆ ಅಷ್ಟು ಮಾತೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ಕಾರ್ತಿಕ ಮಾಸ. ಕೊನೆಯ ವಾಲ್ವ್ ತಿರುಗಿಸಿ, ಆಳುದ್ದದ ಕಬ್ಬಿಣದ ಕೀ ಹೆಗಲ ಮೇಲಿಟ್ಟುಕೊಂಡು ಮನೆ ಕಡೆ ಹೊರಟಿದ್ದ. ದಾರಿಯಲ್ಲಿ ಹಳೇ ಬಾವಿ ಇದ್ದ ಸೈಟು. ಬಾವಿ ಮುಚ್ಚಿ ಎರಡು ತಿಂಗಳಾಗಿತ್ತು. ಸೈಟಿನ ಮೂಲೆಯಲ್ಲಿ ಹೊಸ ಗುಡಿ, ಆಳೆತ್ತರದ್ದು, ಬಚ್ಚಲಮನೆಗೆ ಹಾಕೋ ಥರದ ಬಿಳಿ ಟೈಲ್ಸು, ಒಳಗೊಂದು ಕೆಂಪು ಬಲ್ಬು.

ಟಪ್.

ನಿಂತ.

ಟಪ್... ಟಪ್... ಟಪಟಪ... ಟಪ್.

ಬೀದಿಯಲ್ಲಿ ಯಾರೂ ಇಲ್ಲ. ಎದುರು ಮನೆಯ ಬಾಗಿಲು ಬೆರಳಷ್ಟು ತೆರೆಯಿತು.

"ಯಾರಪ್ಪಾ... ನೀರಪ್ಪನಾ?" ಹನುಮಕ್ಕನ ಪಿಸುಮಾತು. ಎಪ್ಪತ್ತು ದಾಟಿದ ಮುದುಕಿ, ನಿದ್ದೆ ಕಮ್ಮಿ.

"ಹೂಂ. ನಾನೇ."

"ನಿಂಗೂ ಕೇಳ್ತದಾ?"

"ಕೇಳ್ತಾ ಇದೆ."

"ಯಾರೋ ಬಟ್ಟೆ ಒಗೀತಾವ್ರೆ ಕಣಪ್ಪ. ಬಾವಿ ಮುಚ್ಚಾಯ್ತು, ಕಲ್ಲು ಗುಡಿ ಸೇರ್ತು... ಎಲ್ಲಿ ಕೂತು ಒಗೀತಾರೆ ಹೇಳು."

"ಮಲಕ್ಕೋ ಹನುಮಕ್ಕ."

ಬಾಗಿಲು ಮುಚ್ಚಿತು. ಚನ್ನಕೇಶವ ಕದಲಲಿಲ್ಲ. ಬಟ್ಟೆ ಕಲ್ಲಿಗೆ ಬಿದ್ದರೆ ಧಪ್ ಅನ್ನುತ್ತೆ, ಹಿಂದೆಯೇ ನೀರು ಚೆಲ್ಲಿದ ಸದ್ದು ಬರುತ್ತೆ. ಇದು ಹಾಗಲ್ಲ. ಒದ್ದೆ ಕಾಗದದ ಮೇಲೆ ಬಿರುಸು ಕೂದಲಿನ ಬ್ರಷ್ಷಿನಿಂದ ಹೊಡೆಯುವ ಸದ್ದು. ಸುಂಕದಕಟ್ಟೆಯಲ್ಲಿ ಈ ಸದ್ದು ಗೊತ್ತಿದ್ದವರು ಇಬ್ಬರೇ ಇದ್ದರು. ಅವರಲ್ಲಿ ಒಬ್ಬರು ತೀರಿಹೋಗಿ ಎಂಟು ತಿಂಗಳಾಗಿತ್ತು.

ಅವರು ಅನಂತಲಕ್ಷ್ಮಿ ಮೇಡಂ. ಬಸವೇಶ್ವರನಗರದವರು, ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಈ ಕಡೆಯ ಹಳೇ ಊರುಗಳಲ್ಲಿ ಕಲ್ಲು ಹುಡುಕುತ್ತಿದ್ದರು. ವೀರಗಲ್ಲು, ಶಾಸನ, ಏನಾದರೂ. ಮೊದಲ ಸಲ ಚನ್ನಕೇಶವನ ಹತ್ತಿರ ಕೇಳಿದ್ದು ಒಂದು ಬಕೆಟ್ ನೀರು. ಕಲ್ಲು ತೊಳೆದರು. ತೆಳು ಕಾಗದ ಒದ್ದೆ ಮಾಡಿ ಕಲ್ಲಿಗೆ ಅಂಟಿಸಿದರು. ಬ್ರಷ್ಷಿನಿಂದ ಟಪಟಪ ಹೊಡೆದು ಕಾಗದವನ್ನು ಅಕ್ಷರದ ಗುಳಿಗಳೊಳಗೆ ಇಳಿಸಿದರು. ಅರ್ಧ ಒಣಗುವ ತನಕ ಕಾದು, ಬಟ್ಟೆಯ ಉಂಡೆಗೆ ಮಸಿ ಅದ್ದಿ ಮೇಲೆ ಮೇಲೆ ಒತ್ತಿದರು. ಕಪ್ಪು ಕಾಗದದ ತುಂಬ ಬಿಳಿ ಅಕ್ಷರ ಎದ್ದು ಬಂತು. ಇದಕ್ಕೆ ಪಡಿಯಚ್ಚು ಅಂತಾರೆ ಅಂದರು.

ಆಮೇಲೆ ಆರು ವರ್ಷ ಅವನ ಭಾನುವಾರಗಳೆಲ್ಲ ಮೇಡಂ ಅವರ ಬಕೆಟ್ಟಿನ ಜೊತೆ ಕಳೆದವು. ಅವನನ್ನು ಎಲ್ಲರೂ ನೀರಪ್ಪ ಅಂತಾರೆ, ವಾಲ್ವ್ ಅಂತಾರೆ. ಚನ್ನಕೇಶವ ಅಂತ ಪೂರ್ತಿ ಹೆಸರು ಹಿಡಿದು ಕರೆದವರು ಅವರೊಬ್ಬರೇ. ಹಳೇ ಅಕ್ಷರ ಓದೋದನ್ನೂ ಕಲಿಸಿದರು. ಕಾಗದ ಒಣಗುವ ಹೊತ್ತಿನಲ್ಲಿ ಪೇಪರ್ ಓದಿ ಹೇಳುತ್ತಿದ್ದರು. ತಮಿಳುನಾಡಿನ ಕೀಳಡಿಯ ಮಣ್ಣಲ್ಲಿ ಹೆಸರು ಗೀಚಿದ ಮಡಕೆಚೂರು ಸಿಕ್ಕಿದೆ. ಇಟಲಿಯಲ್ಲಿ ಜ್ವಾಲಾಮುಖಿಗೆ ಸುಟ್ಟು ಇದ್ದಿಲಾದ ಸುರುಳಿಗಳನ್ನು ಬಿಚ್ಚದೆಯೇ, ಯಂತ್ರದಲ್ಲಿಟ್ಟು, ಒಳಗಿನ ಅಕ್ಷರ ಓದಿದ್ದಾರೆ.

"ಅಲ್ಲಿ ಇದ್ದಿಲು ಓದ್ತಾರೆ ಚನ್ನಕೇಶವ," ಅಂದಿದ್ದರು ಒಂದು ದಿನ. "ಇಲ್ಲಿ ಕಲ್ಲಿನ ಮೇಲೆ ಕೆತ್ತಿಟ್ಟಿದ್ದನ್ನ ಮೋರಿ ಮೇಲೆ ಮುಚ್ತಾರೆ."

ಮುಚ್ಚಿದ್ದಾರೆ. ಎಲ್ಲಿ ಎಂದು ಬೇಕಾದರೆ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಅವರಿಗೆ ಸಿಗದೇ ಹೋದ ಕಲ್ಲು ಒಂದೇ. ಈ ಬಾವಿಯ ಪಕ್ಕ ಬಟ್ಟೆ ಒಗೆಯುತ್ತಿದ್ದ ಚಪ್ಪಡಿ. ಮಗುಚಿ ಬಿದ್ದಿತ್ತು. ಹನುಮಕ್ಕನಂಥವರು ಅರವತ್ತು ವರ್ಷ ಉಜ್ಜಿ ಉಜ್ಜಿ ಅದರ ಬೆನ್ನು ಕನ್ನಡಿಯಾಗಿತ್ತು. ಒಂದು ದಿನ ಮೇಡಂ ನೆಲಕ್ಕೆ ಬೋರಲು ಮಲಗಿ, ಕಲ್ಲಿನ ಕೆಳಗಿನ ಸಂದಿಗೆ ಕೈ ತೂರಿಸಿದರು. ಬೆರಳಿಂದ ತಡವುತ್ತಾ ಹೋದರು.

"ಅಕ್ಷರ ಇದೆ," ಅಂದರು ಕೊನೆಗೆ. "ಪೂರ್ತಿ ಇದೆ. ಯಾರೋ ಒಬ್ಬ ಅರವತ್ತು ವರ್ಷದಿಂದ ಮಣ್ಣಿಗೆ ಮುಖ ಒತ್ತಿಕೊಂಡು ಬಿದ್ದಿದ್ದಾನೆ."

ತಿರುಗಿಸಲು ಸೈಟಿನವರು ಬಿಡಲಿಲ್ಲ. ಕಲ್ಲಿನ ಕೆಳಗೆ ನಿಧಿ ಇದೆಯೇನೋ, ಟೀಚರಮ್ಮ ಅದಕ್ಕೇ ಬಂದಿದ್ದಾರೇನೋ ಅಂತ ಅನುಮಾನ. ಮಾರ್ಚಿನಲ್ಲಿ ಮೇಡಂ ಆಸ್ಪತ್ರೆಯಲ್ಲಿ ಅವನ ಕೈ ಹಿಡಿದು, "ಆ ಕಲ್ಲೊಂದು ಓದಿಸಿಬಿಡಿ," ಅಂದರು. ಆಯ್ತು ಮೇಡಂ ಅಂದ. ಅಷ್ಟೇ. ಅವರು ಹೋದ ಮೇಲೆ ಮನೆಯವರು ಪಡಿಯಚ್ಚಿನ ಕಟ್ಟುಗಳನ್ನೆಲ್ಲ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದರು.

ಸೈಟಿನ ಯಜಮಾನ ಮಧುಕುಮಾರ್, ಹಳೇ ಊರಿನ ಗೌಡರ ಮೊಮ್ಮಗ. ಬಾವಿ ಮುಚ್ಚಿಸಿದ. ಕಲ್ಲು ಒಡೆದು ಬುನಾದಿಗೆ ಹಾಕೋದು ಅಂದ. ಚನ್ನಕೇಶವ ಮೂರು ಕಚೇರಿ ಅಲೆದ. ಒಬ್ಬ ಅರ್ಜಿ ಕೊಡಿ ಅಂದ. ಒಬ್ಬ ಇಂಥ ಕಲ್ಲು ನೂರು ಇವೆ ಬಿಡಿ ಅಂದ. ಇನ್ನೊಬ್ಬ ನೀವು ಏನು ಓದಿದೀರ ಅಂತ ಕೇಳಿದ. ಏಳನೇ ಕ್ಲಾಸ್ ಸಾರ್ ಅಂದ. ಆ ಮನುಷ್ಯ ನಕ್ಕ. ನಗಲಿ. ಅವನ ಮೇಜಿನ ಮೇಲಿದ್ದ ಶಾಸನದ ಫೋಟೋವನ್ನು ಈ ಏಳನೇ ಕ್ಲಾಸು ತಲೆಕೆಳಗಾಗಿಯೇ ಓದಿಕೊಂಡು ಬಂದಿತ್ತು.

ಬೆಳಿಗ್ಗೆ ಜೆಸಿಬಿ ಬರುತ್ತೆ ಅನ್ನುವ ರಾತ್ರಿ ಚನ್ನಕೇಶವ ಒಂದು ಕೆಲಸ ಮಾಡಿದ. ನಮ್ಮ ಕಡೆಯವರಿಗೆ ಮಾತ್ರ ಹೊಳೆಯುವ ಕೆಲಸ. ಕಲ್ಲಿಗೆ ಅರಿಸಿನ ಬಳಿದ, ಕುಂಕುಮ ಇಟ್ಟ, ಬೇವಿನ ಸೊಪ್ಪು, ಕೊಯ್ದ ನಿಂಬೆಹಣ್ಣು, ಮೂರು ಊದುಬತ್ತಿ. ಬೆಳಿಗ್ಗೆ ಜೆಸಿಬಿ ಡ್ರೈವರ್ ಇಳಿದು ಬಂದ, ಚಪ್ಪಲಿ ಬಿಟ್ಟು ಕೈ ಮುಗಿದು ಗಾಡಿ ಹಿಂದೆ ತೆಗೆದ. ಸಾವಿರ ವರ್ಷದ ಬರಹಕ್ಕೆ ಸಿಗದ ಮರ್ಯಾದೆ ಹತ್ತು ರೂಪಾಯಿ ಕುಂಕುಮಕ್ಕೆ ಸಿಕ್ಕಿತು.

ಕಲ್ಲು ಉಳಿಯಿತು ಅಂದುಕೊಂಡ. ಆದರೆ ದೇವರಾದ ಮೇಲೆ ಸುಮ್ಮನೆ ಬಿಡುತ್ತಾರಾ? ಐದನೇ ದಿನ ಹೊಸಹಳ್ಳಿ ಹತ್ತಿರ ದೊಡ್ಡ ಪೈಪು ಒಡೆದು ಚನ್ನಕೇಶವ ಅಲ್ಲಿ ಸಿಕ್ಕಿಕೊಂಡ. ಸಂಜೆ ಬರುವಷ್ಟರಲ್ಲಿ ಗುಡಿ ಎದ್ದಿತ್ತು. ಕಲ್ಲು ನಿಲ್ಲಿಸಿದ್ದರು. ನುಣುಪಾದ ಬೆನ್ನು ಚೆನ್ನಾಗಿ ಕಾಣುತ್ತೆ ಅಂತ ಅದನ್ನು ಮುಂದಕ್ಕೆ ಮಾಡಿ, ಎರಡು ಬೆಳ್ಳಿ ಕಣ್ಣು ಅಂಟಿಸಿ, ಸೀರೆ ಉಡಿಸಿದ್ದರು. ಅಕ್ಷರದ ಕಡೆ ಗೋಡೆಗೆ. ನಡುವೆ ಸಿಮೆಂಟು. ಮೇಲೆ ಬೋರ್ಡು: ಶ್ರೀ ಬಾವಿಯಮ್ಮ.

"ಸಾರ್, ಅದು ಹಿಂದುಮುಂದು ಆಗಿದೆ. ತಿರುಗಿಸಬೇಕು," ಅಂದ ಮಧುಕುಮಾರನಿಗೆ.

"ಏನ್ ವಾಲ್ವ್ ಸಾರ್, ಅಮ್ಮನ್ನೂ ಕೀ ಹಾಕಿ ತಿರುಗಿಸ್ತೀರಾ?" ಸುತ್ತ ಇದ್ದವರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಮುಟ್ಟಿದ್ರೆ ಜನ ಸುಮ್ನೆ ಬಿಡಲ್ಲ. ನೋಡ್ಕೊಳಿ," ಅಂದ.

ಹೀಗೆ ಓದಿಸುತ್ತೇನೆ ಅಂದ ಕಲ್ಲನ್ನು ಅವನೇ ಗೋಡೆಗೆ ಸೇರಿಸಿದ್ದ. ಊರಿನವರಿಗೆಲ್ಲ ಒಬ್ಬ ಅಮ್ಮ ಸಿಕ್ಕಳು. ಚನ್ನಕೇಶವ ರಾತ್ರಿ ಆ ದಾರಿಯಲ್ಲಿ ತಲೆ ತಗ್ಗಿಸಿ ನಡೆಯತೊಡಗಿದ.

ಆ ಗುಡಿಯ ಗೋಡೆಯೊಳಗಿಂದ ಈಗ ಬ್ರಷ್ಷಿನ ಸದ್ದು. ಟಪ್... ಟಪಟಪ... ಟಪ್.

ಎರಡನೇ ರಾತ್ರಿ ಸದ್ದಿಲ್ಲ. ಚನ್ನಕೇಶವ ಮೂರು ಗಂಟೆ ತನಕ ನಿಂತಿದ್ದ. ಹೆದರಿಕೆ ಆಗಲಿಲ್ಲವಂತೆ. "ಕಾಗದ ಒಣಗ್ತಾ ಇದೆ ಅನ್ಕೊಂಡೆ," ಅಂದ ನನಗೆ. "ಒಳಗೆ ಗಾಳಿ ಇಲ್ವಲ್ಲ, ಹೊತ್ತಾಗುತ್ತೆ."

ಮೂರನೇ ರಾತ್ರಿ ಚೀಲದಲ್ಲಿ ಉಳಿ, ಸುತ್ತಿಗೆ ಇಟ್ಟುಕೊಂಡು ಬಂದ. ಗುಡಿಯ ಹಿಂದಿನದು ನಾಲ್ಕಿಂಚಿನ ಬ್ಲಾಕ್ ಗೋಡೆ. ಒಂದು ಬ್ಲಾಕ್ ತೆಗೆದರೆ ಅಕ್ಷರಕ್ಕೆ ಕೈ ಎಟುಕೀತು. ಬೆಳಿಗ್ಗೆ ಜನ ಹೊಡೆದರೆ ಹೊಡೆಯಲಿ, ಕೆಲಸ ಹೋದರೆ ಹೋಗಲಿ. ಹಿಂದಕ್ಕೆ ಹೋಗಿ ಕೂತ. ಉಳಿ ಇಡುವ ಮುಂಚೆ ಗೋಡೆಗೆ ಕಿವಿ ಇಟ್ಟ.

ಪುಫ್ ಪುಫ್... ಪುಫ್ ಪುಫ್...

ಮಸಿಯ ಉಂಡೆ. ಮೆತ್ತಗೆ, ಒಂದೇ ಸಮ. ಅವರ ಕೈಯದೇ ಲಯ. ಎರಡು ಒತ್ತು, ಒಂದು ಬಿಡುವು.

"ಮೇಡಂ..." ಅಂದ.

ಸದ್ದು ನಿಂತಿತು.

"ನಾನು ಮೇಡಂ. ಚನ್ನಕೇಶವ. ತಪ್ಪಾಯ್ತು. ಉಳೀಲಿ ಅಂತ ಮಾಡಿದ್ದು... ಹಿಂಗಾಗೋಯ್ತು."

ಒಳಗೆ ಏನೂ ಇಲ್ಲ. ಎಲ್ಲೋ ದೂರದ ಮನೆಯ ಸಂಪಿನೊಳಗೆ ನೀರು ಬೀಳುವ ಗಳಗಳ.

ಆಮೇಲೆ... ಗೋಡೆಯ ಆ ಕಡೆಯಿಂದ, ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೇಳಿದ ಹಾಗೆ:

"ಸಾಕು. ಮಸಿಗೆ ನೀರು ಸಾಕು."

ಚನ್ನಕೇಶವ ತನ್ನ ಕೈ ನೋಡಿಕೊಂಡ. ಒಂದರಲ್ಲಿ ಉಳಿ, ಒಂದರಲ್ಲಿ ಸುತ್ತಿಗೆ. ಬಕೆಟ್ ಇಲ್ಲ. ನೀರಿಲ್ಲ. ಅವರು ಅವನಿಗೆ ಹೇಳಿದ್ದಲ್ಲ.

ಒಳಗೆ ಇನ್ನೊಂದು ದನಿ, ಗಂಡಸಿನದು, ತಗ್ಗಿ, "ಹೂಂ" ಅಂದಿತು.

ಪುಫ್... ಪುಫ್...

ಆರು ವರ್ಷ ಹಾಗೆ ಹೂಂ ಅಂದವನು ಚನ್ನಕೇಶವ. ಅವನು ಅಲ್ಲೇ ಗೋಡೆಗೆ ಒರಗಿ ಕೂತ. ಅವನು ನನಗೆ ಇದನ್ನು ಹೇಳುವಾಗ ದನಿ ನಡುಗಿದ್ದು ಇಲ್ಲೊಂದೇ ಕಡೆ. "ಭಯ ಅಲ್ಲ ಕಣಣ್ಣ. ಅವರಿಗೆ ಅಲ್ಲೂ ಯಾರೋ ಸಿಕ್ಕಿದಾರೆ. ನಾನು ಹೊರಗಡೆ ಕೂತಿದೀನಿ." ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದ.

ನಾಲ್ಕನೇ ರಾತ್ರಿ ಹೋಗಬಾರದು ಅಂದುಕೊಂಡ. ವಾಲ್ವ್ ಇರುವುದೇ ಆ ಬೀದಿಯಲ್ಲಿ, ಹೋಗದೆ ಏನು ಮಾಡುತ್ತಾನೆ? ಗುಡಿ ದಾಟುವಾಗ ಒಂದೇ ಸಲ ಕೇಳಿತು. ಸರ್‌ರ್‌ರ್‌... ಉದ್ದಕ್ಕೆ, ನಿಧಾನಕ್ಕೆ. ಕಲ್ಲಿನಿಂದ ಕಾಗದ ಬಿಡಿಸಿದ ಸದ್ದು. ಆಮೇಲೆ ಇವತ್ತಿನವರೆಗೂ ಅಲ್ಲಿ ಏನೂ ಕೇಳಿಲ್ಲ.

ಬೆಳಿಗ್ಗೆ ಏಳಕ್ಕೆ ಹನುಮಕ್ಕ ಅವನ ಕೋಣೆ ಬಾಗಿಲು ಬಡಿದಳು. ಗುಡಿ ಗುಡಿಸೋದು ಅವಳೇ. ಕೈಯಲ್ಲಿ ಸುತ್ತಿದ ಕಾಗದ.

"ಅಮ್ಮನ ಮುಂದೆ ಬಿದ್ದಿತ್ತಪ್ಪ, ಹೂವಿನ ಕೆಳಗೆ. ಯಾರೋ ಹರಕೆ ಚೀಟಿ ಇಟ್ಟವ್ರೆ ಅನ್ಕೊಂಡೆ. ಬಿಚ್ಚಿದ್ರೆ ಪಂಚೆಯಷ್ಟು ಅಗಲ. ಇನ್ನೂ ಒದ್ದೆ. ನೀನು ಆ ಟೀಚರಮ್ಮನ ಹಿಂದೆ ಬಕೆಟ್ ಹೊತ್ತು ತಿರುಗ್ತಿದ್ದಲ್ಲ, ನಿಂಗೆ ಗೊತ್ತಾದೀತು ಅಂತ."

ಕೆಳಗೆ ಬಿಲ್ಲು ಹಿಡಿದ ಒಬ್ಬ ಮನುಷ್ಯ, ಬಿಲ್ಲಿನ ಮೇಲಿನ ಕೈಗೆ ಮೂರೇ ಬೆರಳು, ಅವನ ಹಿಂದೆ ನಾಲ್ಕು ದನ. ಮೇಲೆ ಮೂರು ಸಾಲು ಅಕ್ಷರ. ಒಂದೂ ಅಳಿಸಿಲ್ಲ. ಹನುಮಕ್ಕ ಹೊಸಿಲಲ್ಲೇ ಕೂತಳು. ಚನ್ನಕೇಶವ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಮುಕ್ಕಾಲು ಗಂಟೆ ಹಿಡಿಯಿತು.

"ಏನಂತಪ್ಪ?"

"ಮಾರೆಯನ ಮಗ ಬೀಚ ತುರುವಂ ಮಗುಳ್ಚಿ ಸತ್ತಂ. ಅಂದ್ರೆ... ಊರಿನ ದನ ಹೊಡ್ಕೊಂಡು ಹೋಗಿದ್ರು. ಈ ಬೀಚ ಅನ್ನೋನು ಬಿಡಿಸ್ಕೊಂಡು ಬಂದು ಸತ್ತ."

ಹನುಮಕ್ಕ ಬಗ್ಗಿ ಕಾಗದದ ಮೇಲಿನ ದನಗಳನ್ನು ನೋಡಿದಳು. "ದನ ಮನೆಗೆ ಬಂದ್ವಾ?"

"ಬಂದ್ವು ಅಂತ ಬರೆದವ್ರೆ."

"ಸರಿ ಬಿಡು ಮತ್ತೆ." ಎದ್ದಳು. "ಅವನ ಬೆನ್ನ ಮೇಲೆ ನಾನು ಅದೆಷ್ಟು ಸೀರೆ ಒಗೆದೆನೋ... ಅಲ್ಲ, ಗಂಡಸಿಗೆ ಸೀರೆ ಉಡಿಸವ್ರಲ್ಲ ಇವರು."

ಅವತ್ತೇ ಸಂಜೆ ಚನ್ನಕೇಶವ ನನ್ನನ್ನು ಕರೆದುಕೊಂಡು ಹೋಗಿ ಗುಡಿಯ ಸುತ್ತ ತೋರಿಸಿದ. ಹಿಂದಿನ ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಸಿಮೆಂಟು ಹಾಕಿದ ಹಾಗೇ ಇದೆ. ಮಧುಕುಮಾರ್ ಈಗಲೂ ಶುಕ್ರವಾರ ಪೂಜೆ ಮಾಡಿಸುತ್ತಾನೆ.

ನಂಬದಿದ್ದರೆ ಬನ್ನಿ, ಕಾಗದ ಇದೆ, ಅವನ ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಟ್ಟಿದ್ದಾನೆ. ಮಸಿ ಒತ್ತುವಾಗ ಕಾಗದ ಏಳದ ಹಾಗೆ ಒಬ್ಬರು ಮೂಲೆಯನ್ನು ಬೆರಳಲ್ಲಿ ಅದುಮಿ ಹಿಡಿಯಬೇಕು. ಬೆರಳಿನ ಕೆಳಗೆ ಮಸಿ ತಾಗುವುದಿಲ್ಲ, ಅಷ್ಟು ಜಾಗ ಬಿಳಿಯಾಗಿ ಉಳಿಯುತ್ತೆ. ಈ ಕಾಗದದ ಎಡ ಮೂಲೆಯಲ್ಲೂ ಹಾಗೆ ಉಳಿದಿದೆ. ಚನ್ನಕೇಶವ ತನ್ನ ಕೈ ಇಟ್ಟು ನೋಡಿದ, ಹೊಂದಲಿಲ್ಲ. ನಾನೂ ಇಟ್ಟು ನೋಡಿದೆ. ಅಗಲವಾದ ಬೆರಳುಗಳು, ಒತ್ತಿ ಹಿಡಿದ ಗುರುತು ಸ್ಪಷ್ಟ. ಎಣಿಸಿದ್ದೇನೆ, ಒಂದಲ್ಲ ನಾಲ್ಕು ಸಲ.

ಹೆಬ್ಬೆರಳು ಸೇರಿ ಮೂರೇ ಇವೆ.