ತಿರುಗಬಾರದ ಹೆಸರು

ಪಾತ್ರೆ ಎಲ್ಲಿ ಅಂತ ಮತ್ತೆ ಕೇಳಬೇಡ ಕಣೇ. ಸಂತೇಲೇ ಇದೆ. ಬೋಟಿ ಸಾರು ಮುಕ್ಕಾಲು ಪಾತ್ರೆ ಹಾಗೇ ಇದೆ, ಒಲೆ ಕೂಡ ಆರಿಸಿಲ್ಲ. ಯಾರಾದ್ರೂ ಕುಡ್ಕೊಳ್ಳಲಿ, ಇಲ್ಲ ನಾಯಿ ತಿನ್ನಲಿ. ಮೊದಲು ಬಾಗಿಲು ಹಾಕು. ಅಗುಳೀನೂ ಹಾಕು. ಹಾಡುಹಗಲಲ್ಲಿ ಯಾಕೆ ಅಂದ್ರೆ... ನಾನು ಹೇಳ್ತಿದೀನಲ್ಲ, ಅದಕ್ಕೆ. ಆ ಸೂಜಿ ಕೆಳಗಿಡು ತಾಮಾರ್. ಮದುವೆ ಗೌನು ಆಮೇಲೆ ಹೊಲಿಯೋಣ. ಕೆನಡಾದಲ್ಲೂ ಸೂಜಿ ದಾರ ಸಿಗುತ್ತೆ.

ಹೂಂ, ಕೆನಡಾ. ಯಾಕೆ ನಗ್ತೀಯ? ನಿನ್ನ ಅಮ್ಮ ತಮಾಷೆ ಮಾಡೋಳ ಹಾಗೆ ಕಾಣ್ತಿದಾಳಾ? ನಮ್ಮ ಚರ್ಚಿನ ಹೂಪರ್ ಅಣ್ಣ ಇವತ್ತು ಮಧ್ಯಾಹ್ನವೇ ಗಾಡಿ ಹೂಡ್ತಾರಂತೆ. ಚರ್ಚಿನ ಹತ್ರ ಅಲ್ಲ, ಇಟ್ಟಿಗೆ ಗೂಡಿನ ಹಿಂದೆ. ದಪ್ಪ ಶಾಲು ತಗೋ, ಅಲ್ಲಿ ಚಳಿ ಅಂತಾರೆ. ಕೂಲಿ ಜಾಸ್ತಿಯಂತೆ. ಗಾಳಿಯೂ ಒಳ್ಳೇದಂತೆ, ನನ್ನ ಕೆಮ್ಮಿಗೆ...

ಸರಿ, ಕೆಮ್ಮಿಲ್ಲ. ನಿನಗೆ ಎಲ್ಲಾ ಲೆಕ್ಕ ಬೇಕು. ಅರ್ಧ ಬೀದಿ ಖಾಲಿಯಾಗಿದೆ, ಕಣ್ಣಿಗೆ ಬಿದ್ದಿಲ್ವಾ? ಹೋದ ಭಾನುವಾರ ಚರ್ಚಲ್ಲಿ ಹಾಡೋಕೆ ದನಿಗಳೇ ಇರಲಿಲ್ಲ.

ಗೊತ್ತು, ಗೊತ್ತು... "ದಕ್ಷಿಣದ ಒಡೆಯರಿಂದ ಓಡಿ ಬಂದೋರು ಓಡ್ಲಿ, ನಾವು ಹುಟ್ಟಾ ಸ್ವತಂತ್ರರು." ನಾನೇ ಕಲಿಸಿದ ಪಾಠ ನನಗೇ ಒಪ್ಪಿಸ್ತೀಯ. ಮೇರಿಲ್ಯಾಂಡಿನ ತೋಟದಿಂದ ಓಡಿ ಬಂದ ಆ ಹುಡುಗಿಗೆ ಶಾಲೇಲಿ "ನಿನ್ನ ಮೈ ಇನ್ನೂ ಹೊಗೆಸೊಪ್ಪಿನ ವಾಸನೆ ಹೊಡೀತಿದೆ" ಅಂದು ಮನೆಗೆ ಬಂದು ಹೇಳ್ಕೊಂಡು ನಕ್ಕಿದ್ದೆ. ಅವತ್ತು ಎರಡು ಬಾರಿಸಬೇಕಿತ್ತು ನಿನಗೆ. ಕೈ ಬರಲಿಲ್ಲ.

ಸುಣ್ಣ ಬಳಿಯೋ ಜೋನಸ್ ಎಲ್ಲಿ ಹುಟ್ಟಿದ್ದು ಹೇಳು? ಇದೇ ಲೊಂಬಾರ್ಡ್ ಬೀದೀಲಿ. ಅವನ ಅಪ್ಪನ ಗೋರಿಯೂ ಇದೇ ಊರಲ್ಲಿ. ಆಳು ಹಿಡಿಯೋರು ಏಣಿ ಮೇಲಿಂದ ಇಳಿಸ್ಕೊಂಡು ಹೋದರಲ್ಲ, ಏನು ಮಾಡೋಕಾಯ್ತು? ಹೊಸ ಕಾನೂನಿಗೆ ಅಷ್ಟೇ ಸಾಕು. ಯಾರೋ ಒಬ್ಬ ಬಿಳಿಯ, ತೀರ್ಪು ಕೊಡೋ ಕಮಿಷನರ್ ಮುಂದೆ ನಿಂತು "ಇವನು ನನ್ನ ಆಳು, ಓಡಿ ಬಂದೋನು" ಅಂತ ಆಣೆ ಮಾಡಿದ್ರೆ ಮುಗೀತು. ಸಿಕ್ಕಿಬಿದ್ದೋನು ಅಲ್ಲ ಸ್ವಾಮಿ ಅಂತ ಬಾಯಿ ತೆರೆಯೋ ಹಾಗೂ ಇಲ್ಲ. ಸಂಜೆ ಹೊತ್ತಿಗೆ ದಕ್ಷಿಣಕ್ಕೆ ಹೋಗೋ ಹಡಗು ಹತ್ತಿಸಿಬಿಟ್ರು. ಅವನ ಹೆಂಡತಿ ಸುಣ್ಣದ ಬಕೆಟ್ಟು ಮನೆಗೆ ತಂದು, ಅದರ ಮುಂದೇ ಕೂತಿದಾಳೆ ಪಾಪ.

ಅಲ್ಲ, ಬರೀ ಜೋನಸ್‌ಗೋಸ್ಕರ ಅಲ್ಲ. ಇವತ್ತು ಸಂತೇಲಿ ಒಂದು ಸಂಗತಿ ಆಯ್ತು. ನನಗಲ್ಲ. ಇನ್ನೊಬ್ಬಳಿಗೆ.

ಒಬ್ಬ ಬಿಳಿಯ ಬಂದ. ಒಳ್ಳೆ ಬಟ್ಟೆ, ಬೂಟಲ್ಲಿ ಮಾತ್ರ ದೂರದ ದಾರಿ ಧೂಳು. ಎಲ್ಲರ ಹತ್ರಾನೂ ಏನೋ ಒಂದು ತಗೊಂಡ, ನನ್ನ ಹತ್ರ ಸಾರು ಕುಡಿದ. ಖಾರಕ್ಕೆ ಮೂಗು ಒರೆಸ್ಕೊಂಡು ಚೆನ್ನಾಗಿದೆ ಅಂದ. ಮುಂದೆ ಹೋದ. ಹೋದ ಅಂದ್ಕೊಂಡ್ವಿ. ಆಮೇಲೆ ಹಿಂದಿನಿಂದ ಕೂಗಿದ, "ಫೀಬಿ" ಅಂತ.

ಅದೆಂಥ ದನಿ ಅಂತೀಯ... ಕೋಪ ಇಲ್ಲ, ಜೋರಿಲ್ಲ. ಊಟಕ್ಕೆ ಕೂತಲ್ಲಿಂದ ನೀರು ತಾ ಅಂತಾರಲ್ಲ, ಹಾಗೆ. ಕರೆದರೆ ಬಂದೇ ಬರ್ತಾರೆ ಅಂತ ಗೊತ್ತಿರೋರ ದನಿ.

ಇಡೀ ಸಂತೇಲಿ ಒಬ್ಬಳೇ ಒಬ್ಬಳು ತಿರುಗಿದಳು. ತಿರುಗಿದ್ದು ಅಂದ್ರೆ, ಕತ್ತು ಇಷ್ಟೇ ಇಷ್ಟು. ಓಡಿ ಬಂದೋರು ಮೊದಲು ಮಾಡೋ ಕೆಲಸ ಹೆಸರು ಕಳಚಿ ಎಸೆಯೋದು. ಎಸೆದರೆ ಸಾಲದು, ಅದಕ್ಕೆ ಕಿವುಡಾಗೋದನ್ನೂ ಕಲೀಬೇಕು. ಒಬ್ಬರನ್ನೊಬ್ಬರು ಹಿಂದಿನಿಂದ ಹಳೆ ಹೆಸರು ಹಿಡಿದು ಕೂಗಿ ಕೂಗಿ ಪರೀಕ್ಷೆ ಮಾಡ್ತಾರೆ. ತಿರುಗಿದೋರಿಗೆ ಬೆನ್ನ ಮೇಲೆ ಒಂದು ಗುದ್ದು. ಅವಳು ಜ್ವರದಲ್ಲಿ ತಿರುಗಲಿಲ್ಲ, ಹೆರಿಗೆ ನೋವಲ್ಲಿ ತಿರುಗಲಿಲ್ಲ. ಇವತ್ತು ಸೌಟು ಹಿಡ್ಕೊಂಡು ಉಪ್ಪು ಸಾಕಾ, ಇನ್ನೊಂಚೂರು ಬೇಕಾ ಅಂತ ಯೋಚನೆ ಮಾಡ್ತಿರುವಾಗ... ಕತ್ತು ತಾನೇ ತಿರುಗಿಬಿಡ್ತು. ಹಾಳು ಕತ್ತು.

ಯಾರು ಅಂದ್ರೆ... ಮೀನು ಮಾರೋಳು. ಹೆಸರು ಗೊತ್ತಿಲ್ಲ. ಮೀನು ಮಾರೋಳ ಕೈಗೆ ಸೌಟು ಯಾಕೆ ಅಂದ್ರೆ ನಾನೇನು ಹೇಳಲಿ? ಬಾಯಿ ತಪ್ಪಿ ಬಂತು. ಲಾಯರ ಹಾಗೆ ಅಡ್ಡಪ್ರಶ್ನೆ ಹಾಕಬೇಡ. ನನ್ನ ಲಂಗ ಯಾಕೆ ನೋಡ್ತೀಯ? ಸಾರು ಚೆಲ್ಲಿದೆ, ಅಷ್ಟೆ. ಸುಟ್ಟಿಲ್ಲ. ಬಿಡು, ಮುಟ್ಟಬೇಡ, ಉರಿಯುತ್ತೆ.

ಅವನು ಏನು ಮಾಡಿದನಾ? ಏನೂ ಮಾಡಲಿಲ್ಲ. ಟೋಪಿ ಎತ್ತಿ ನಕ್ಕ. "ಕ್ಷಮಿಸಮ್ಮ, ಬೇರೆ ಯಾರೋ ಅಂದ್ಕೊಂಡೆ" ಅಂದ. ಮೈಮೇಲೆ ಬಿದ್ದಿದ್ರೆ ಕಚ್ಚಬಹುದಿತ್ತು, ಪರಚಬಹುದಿತ್ತು, ಕೂಗಿದ್ರೆ ಸಂತೆ ಹೆಂಗಸರೆಲ್ಲ ಮೀನಿನ ಚಾಕು ಹಿಡ್ಕೊಂಡು ಬರ್ತಿದ್ರು. ನಗೋನನ್ನ ಏನು ಮಾಡೋದು? ಹಲ್ಲಲ್ಲಿ ಸಿಕ್ಕಿದ ಬೋಟಿ ನಾಲಿಗೇಲಿ ತೆಗೀತಾ ಆರಾಮಾಗಿ ನಡ್ಕೊಂಡು ಹೋದ, ಕಮಿಷನರ್ ಕಚೇರಿ ಕಡೆಗೇ. ನನಗೆ ಭಯ ಕಣೇ. ಬರೋ ದಾರೀಲಿ ಮೂರು ಬೀದಿ ಸುತ್ತಿ ಬಂದೆ.

ಸರಿ, ನೀನು ಹೇಳೋದು ನ್ಯಾಯವೇ. ಅವಳು ಓಡಲಿ, ನಾವ್ಯಾಕೆ ಓಡಬೇಕು... ಅವಳೊಬ್ಬಳೇ ಆಗಿದ್ದಿದ್ರೆ ಹೇಗೋ ಆಗ್ತಿತ್ತು. ಡೆಲವೇರ್ ಹೊಳೆ ಇತ್ತು, ಬಿದ್ದುಬಿಡ್ತಿದ್ದಳು. ಅವಳಿಗೊಬ್ಬ ಮಗಳಿದಾಳೆ. ಇಲ್ಲೇ ಹುಟ್ಟಿದ ಮಗಳು. ಚಾವಟಿ ಅಂದ್ರೆ ಗಾಡಿಯವನು ಕುದುರೆಗೆ ಹೊಡೆಯೋದು ಅಂತಷ್ಟೇ ಗೊತ್ತು ಅವಳಿಗೆ. ಅಪ್ಪ ಹಡಗಿನೋನು. ಸ್ವತಂತ್ರನಾಗಿ ಹುಟ್ಟಿ ಸ್ವತಂತ್ರನಾಗೇ ಸತ್ತ, ನಿಮ್ಮಪ್ಪನ ಹಾಗೇ. ಆದರೆ ದಕ್ಷಿಣದೋರಿಗೆ ಅಪ್ಪ ಲೆಕ್ಕಕ್ಕಿಲ್ಲ. ತಾಯಿ ಯಾರ ಸೊತ್ತೋ ಮಕ್ಕಳೂ ಅವರ ಸೊತ್ತು. ಹಸು ಕೊಟ್ಟಿಗೆ ಬಿಟ್ಟೋಡಿ ಬೇರೆಯೋರ ಹೊಲದಲ್ಲಿ ಈದರೂ ಕರು ಹಸುವಿನ ಒಡೆಯನದೇ ಅಂತಾರೆ. ಕರುವಿಗೆ ಗೊತ್ತಿದ್ರೇನು, ಇಲ್ಲದಿದ್ರೇನು.

ನಮ್ಮ ಪೆನ್ಸಿಲ್ವೇನಿಯಾ ಸೀಮೆ ಇದನ್ನ ಒಪ್ಪಲ್ಲವಾ? ಒಪ್ಪದೇ ಇರಬಹುದು ಮಗಳೇ. ಹಡಗು ಹತ್ತಿಸಿದ ಮೇಲೆ ಪೆನ್ಸಿಲ್ವೇನಿಯಾ ದಡದಲ್ಲಿ ನಿಂತು ಕೈ ಬೀಸುತ್ತೆ.

ಅದಕ್ಕೇ ಹೇಳಿದ್ದು, ಶಾಲು ತಗೋ ಅಂತ. ಕೆನಡಾದಲ್ಲಿ ಈ ಕಾನೂನು ನಡೆಯಲ್ಲ. ರೊಟ್ಟಿ ನಾನು ಕಟ್ಕೋತೀನಿ. ನಿನ್ನ ಎನಾಕ್‌ಗೆ ಹೂಪರ್ ಅಣ್ಣ ಸುದ್ದಿ ಮುಟ್ಟಿಸ್ತಾರೆ. ಮದುವೆ ಅಲ್ಲೇ ಮಾಡೋಣ. ಹಾಯಿ ಹೊಲಿಯೋ ಗಂಡಿಗೆ ಕೆಲಸಕ್ಕೇನು ಬರ, ಅಲ್ಲಿ ಸಮುದ್ರದಂಥ ಕೆರೆಗಳಿವೆಯಂತೆ. ಬರ್ತಾನೆ. ಬರದೇ ಇದ್ರೆ... ಬರ್ತಾನೆ ಕಣೇ.

ತಾಮಾರ್?

ಇಷ್ಟೊತ್ತು ಒಂದಕ್ಕೆ ಹತ್ತು ಪ್ರಶ್ನೆ ಹಾಕ್ತಿದ್ದೋಳು ನೀನು. ಆ ಹೆಂಗಸಿನ ಮಗಳು ಯಾರು ಅಂತ ಕೇಳು... ಕೇಳಲ್ವಾ? ಹಾಗಾದ್ರೆ ಬೈಯಿ. ಸುಳ್ಳುಬುರುಕಿ ಅನ್ನು. ನಿಮ್ಮಪ್ಪನಿಗೆ ಗೊತ್ತಿತ್ತು ಅಂದ್ಕೋಬೇಡ, ಅವನಿಗೂ ಹೇಳಿರಲಿಲ್ಲ. ಗೊತ್ತಿಲ್ಲದೋರ ಬಾಯಿಂದ ಗುಟ್ಟು ಜಾರಲ್ಲ ಅಂತ ಧೈರ್ಯ. ಹೆದರಿಕೆ ಈ ಮನೇಲಿ ಒಬ್ಬರಿಗೆ ಸಾಕಿತ್ತು. ನೀನು ತಲೆಯೆತ್ತಿ ನಡೀಬೇಕಿತ್ತು, ಯಾರು ಯಾವ ಹೆಸರು ಕೂಗಿದ್ರೂ.

ನನ್ನ ಕಡೆ ನೋಡೇ. ಯಾಕೆ ಕೈಗಳನ್ನ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡ್ಕೋತಿದೀಯ, ಬೇರೆ ಯಾರದೋ ಕೈ ನೋಡೋ ಹಾಗೆ? ತಾಮಾರ್... ನಿನ್ನವೇ ಕಣೇ. ನನ್ನಾಣೆಗೂ ಮಗಳೇ, ಅವು ನಿನ್ನವೇ.