ಅಪ್ಪ ಉಳಿಸಿಟ್ಟಿದ್ದ ರಾಕ್ಷಸ

ಕಣ್ಣಿನ ಪೊರೆ ತೆಗೆಸಿಕೊಂಡದ್ದಕ್ಕೆ ಒಬ್ಬ ಹಿರಿಯರು ತೆತ್ತ ಬೆಲೆ, ಕಂಪ್ಯೂಟರ್ ಮುಟ್ಟದ ಹತ್ತು ದಿನ. ಇಂದು ವೈದ್ಯರು ಕಣ್ಣಿನ ಪಟ್ಟಿ ಬಿಚ್ಚಿದ್ದರು. ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯಾಕೆ, ಪಕ್ಕದಲ್ಲಿ ಕೂತ ಆ ಹಿರಿಯರು ಮತ್ತು ಅವರ ಮಗಳ ಮಾತಿಗೆ ಕಿವಿಗೊಟ್ಟಳು.

"ನನ್ನ ಕಂಪ್ಯೂಟರ್ ಆಟ ನೋಡ್ಕೊಂಡ್ಯೇನಮ್ಮ?"

"ಮುಗಿಸೇಬಿಟ್ಟೆ ಅಪ್ಪ. ಕೋಟೆ ರಾಕ್ಷಸನ್ನ ಕೊಂದೆ."

"ಆಟದೊಳಗಿನ ತೋಟಕ್ಕೆ ನೀರು ಹಾಕು ಅಂದಿದ್ದೆ, ಅಷ್ಟೇ."

"ಎರಡು ವರ್ಷದಿಂದ ಅವನ ಬಾಗಿಲಲ್ಲೇ ನಿಂತಿದ್ರಿ. ಕೈಲಾಗ್ತಿಲ್ಲ ಅಂದ್ಕೊಂಡೆ."

"ಆಗ್ತಿತ್ತು ಕಣೇ. ಅವನು ಸತ್ರೆ ಆಟ ಮುಗಿಯತ್ತಲ್ಲ. ಆಟದ ಊರಲ್ಲಿ ಎಲ್ಲರೂ ನನ್ನನ್ನ 'ಸೇನಾಪತಿಗಳೇ' ಅಂತ ಕರೀತಿದ್ರು. ಮನೇಲಿ ಯಾರು ಹಾಗೆ ಕರೀತೀರಿ?"

"ಇನ್ನೂ ಆರು ಆಟ ಇದಾವಲ್ಲ, ಸೇನಾಪತಿಗಳೇ."

"ಅಲ್ಲಿರೋ ರಾಕ್ಷಸರ ತಂಟೆಗೆ ಹೋಗ್ಬೇಡ."

ಮಗಳು ಔಷಧಿ ಚೀಟಿ ಮಡಚಿಟ್ಟು, ಅಪ್ಪನ ಕೈ ಹಿಡಿದು ಹೊರಟಳು. ಅವರಿಗೆ ಒಂದು ಕಣ್ಣು ಬಂದಿತ್ತು, ಒಬ್ಬ ರಾಕ್ಷಸ ಹೋಗಿದ್ದ.