ಪಂಚಮಿಯ ಹಾಲು

ಅಮೆರಿಕದ ಸ್ಕೋಕಿ ಊರಿನ ಪ್ರಾಣಿ ಆಸ್ಪತ್ರೆಯಲ್ಲಿ ನನ್ನೆದುರು ಕೂತ ಹುಡುಗಿ, ಮಡಿಲಲ್ಲಿದ್ದ ಡಬ್ಬಿಗೆ ಅಂಟಿದ್ದ ಅರಿಶಿನವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಒಳಗೆ ಒಂದು ಹಾವು ತಲೆ ಹುದುಗಿಸಿಕೊಂಡು ಉಂಡೆಯಾಗಿತ್ತು. ಪಕ್ಕದಲ್ಲಿದ್ದ ತಾಯಿಯೇ ಕನ್ನಡದಲ್ಲಿ ಶುರು ಮಾಡಿದರು. ನಾನು ಕನ್ನಡ ಗೊತ್ತಿಲ್ಲದ ಹಾಗೆ ನನ್ನ ಬೆಕ್ಕನ್ನೇ ನೋಡುತ್ತಾ ಕೂತೆ.

“ಪಂಚಮಿ ಅಂತ ಹಾಲೆರೆದೆ ಕಣೇ. ಮನೇಲೇ ನಾಗಪ್ಪನ್ನ ಇಟ್ಕೊಂಡು ಸುಮ್ನಿರ್ಲಾ?”

“ನಾಗಪ್ಪ ಅಲ್ಲಮ್ಮ, ಪೈಥಾನ್. ತಾನಾಗೇ ಕೈಗೆ ಬರ್ಲಿ ಅಂತ ತಿಂಗಳುಗಟ್ಟಲೆ ಕಾದಿದ್ದೆ. ಈಗಷ್ಟೇ ಬರ್ತಿತ್ತು. ನೀನು ಎಳೆದು ತಟ್ಟೇಲಿ ಕೂರಿಸ್ದೆ. ಅವತ್ತಿಂದ ಊಟಾನೂ ಬಿಟ್ಟಿದೆ.”

“ಪುಕ್ಕಲು ಹಾವು. ಥೇಟ್ ನಿನ್ನ ಹಾಗೇ.”

“ಹೌದು. ನನ್ನನ್ನೂ ಹೀಗೇ ರೂಮಿಂದ ಎಳ್ಕೊಂಡು ಬಂದು, ಆಂಟಿಗೊಂದು ಹಾಡು ಹೇಳು ಅಂತಿದ್ದೆ.”

“ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಹಾಡೋದೇ ಬಿಟ್ಟೆನಲ್ಲ. ಅದೇ ಹೋಗಿದ್ದು.”

ತಾಯಿ ಡಬ್ಬಿಯತ್ತ ಕೈ ಚಾಚಿದರು.

“ಮುಟ್ಟಬೇಡ.”

ಅಷ್ಟರಲ್ಲಿ ಒಳಗಿಂದ “ಸಿಯಾ” ಎಂದು ಕರೆದರು. ಹುಡುಗಿ ಡಬ್ಬಿಯನ್ನು ಎದೆಗವಚಿಕೊಂಡು ಎದ್ದುಹೋದಳು. ತಾಯಿ ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲು ಅವಳ ಬೆನ್ನ ಹಿಂದೆ ಮುಚ್ಚಿಕೊಳ್ಳುತ್ತಿತ್ತು.

“ಸಿಯಾ, ಬಾಗಿಲು ಹಿಡ್ಕೋ, ನಾನೂ ಬರ್ತೀನಿ.”